ಬಂದೂಕು ಮತ್ತು ಮುಪ್ಪಿನ ಮರೆವು: ಒಂದು ಆರೋಗ್ಯಶಾಸ್ತ್ರೀಯ ವಿಚಾರ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯಿಂದ)

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮುಪ್ಪಿನೊಡನೆ ಬುದ್ಧಿ ಮಸುಕಾಗುವುದು ಪ್ರಕೃತಿಧರ್ಮವೆಂದು ಭಾವಿಸಿ, ಅದನ್ನು ನಗೆಯಿಂದಲೋ ಕನಿಕರದಿಂದಲೋ ಸಹಿಸಿಕೊಂಡು ಬಂದವರು ನಾವು. ಬಂದೂಕಾದರೋ ಪೊಲೀಸರಿಗೂ ನ್ಯಾಯಾಲಯಕ್ಕೂ ಸೇರಿದ ವಿಷಯವೆಂಬುದು ನಮ್ಮ ಸಾಮಾನ್ಯ ಎಣಿಕೆ. ಇವೆರಡನ್ನೂ ಒಂದೇ ಲೇಖನದಲ್ಲಿ ತರುವುದೇಕೆ ಎಂದು ವಾಚಕರು ಕೇಳಬಹುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಳೆದ ಮೂರು ನಾಲ್ಕು ದಶಕಗಳಲ್ಲಿ ನಡೆದ ಸಾರ್ವಜನಿಕ ಆರೋಗ್ಯ ಸಂಶೋಧನೆಯು ಇವುಗಳ ಸಂಬಂಧವನ್ನು ಎರಡು ದಿಕ್ಕುಗಳಿಂದ ನೋಡಲು ನಮಗೆ ದಾರಿ ಮಾಡಿಕೊಟ್ಟಿದೆ. ಬುದ್ಧಿ ಕುಂದುತ್ತಿರುವ ವೃದ್ಧರ ಮನೆಯಲ್ಲಿ ಬಂದೂಕು ಇದ್ದರೆ ಆಗುವುದೇನು, ಎಂಬುದು ಮೊದಲನೆಯ ಪ್ರಶ್ನೆ. ಗುಂಡಿನ ಸದ್ದಿನ ನಡುವೆ ಬಾಳಿದವರ ಬುದ್ಧಿಯು ಮುಪ್ಪಿನಲ್ಲಿ ಬೇಗನೆ ಕುಂದುವುದೆ, ಎಂಬುದು ಎರಡನೆಯದು. ಈ ಎರಡನ್ನೂ ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆರೋಗ್ಯಶಾಸ್ತ್ರದ ದೃಷ್ಟಿ

ಮೊದಲಿಗೆ, ಬಂದೂಕಿನ ಸಾವನ್ನು ವೈದ್ಯರು ಅಭ್ಯಸಿಸುವುದೇಕೆ ಎಂಬುದನ್ನು ತಿಳಿಯಬೇಕು. ೧೮೫೪ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ನೆರೆದಿರುವುದನ್ನು ಕಂಡುಕೊಂಡನು. ರೋಗಿಯೊಬ್ಬನನ್ನು ಗುಣಪಡಿಸುವುದು ಒಂದು ಕೆಲಸ. ರೋಗ ಯಾರಿಗೆ, ಎಲ್ಲಿ, ಯಾವ ದಾರಿಯಲ್ಲಿ ಬರುತ್ತದೆಂದು ಎಣಿಸಿ ಆ ದಾರಿಯನ್ನು ಕಟ್ಟುವುದು ಇನ್ನೊಂದು ಕೆಲಸ. ಸಾರ್ವಜನಿಕ ಆರೋಗ್ಯವೆಂದರೆ ಈ ಎರಡನೆಯದು. ಇಪ್ಪತ್ತನೆಯ ಶತಮಾನದಲ್ಲಿ ಈ ವಿಧಾನವನ್ನು ಮೋಟಾರು ಅಪಘಾತಗಳಿಗೂ ಅನ್ವಯಿಸಲಾಯಿತು. ಚಾಲಕನನ್ನು ನಿಂದಿಸುವುದಷ್ಟೇ ಸಾಲದು, ವಾಹನವನ್ನೂ ರಸ್ತೆಯನ್ನೂ ತಿದ್ದಬೇಕೆಂದು ವಿಲಿಯಂ ಹ್ಯಾಡನ್ ಮೊದಲಾದವರು ವಾದಿಸಿದರು. ಸೀಟ್ ಬೆಲ್ಟು, ಹೆದ್ದಾರಿಯ ತಡೆಗೋಡೆ ಮುಂತಾದುವು ಬಂದುದು ಈ ಬಗೆಯ ವಿಚಾರದಿಂದ. ಯಾರೂ ಮೋಟಾರನ್ನು ನಿಷೇಧಿಸಲಿಲ್ಲ. ಆದರೆ ಸಾವುಗಳು ಇಳಿದವು.

ಅದೇ ಕ್ರಮವನ್ನು ಬಂದೂಕಿಗೆ ಅನ್ವಯಿಸಿದವರಲ್ಲಿ ಆರ್ಥರ್ ಕೆಲ್ಲರ್‌ಮನ್ ಎಂಬ ವೈದ್ಯರ ಹೆಸರು ಮುಖ್ಯವಾದುದು. ಅವರೂ ಅವರ ಸಂಗಡಿಗರೂ ಟೆನ್ನೆಸೀ, ವಾಷಿಂಗ್ಟನ್ ಮತ್ತು ಓಹಾಯೊ ರಾಜ್ಯಗಳ ಮೂರು ಕೌಂಟಿಗಳಲ್ಲಿ, ಮನೆಯೊಳಗೆ ಕೊಲೆಯಾದವರನ್ನು ಅದೇ ನೆರೆಹೊರೆಯ, ಅದೇ ವಯೋಮಾನದ ಇತರರೊಡನೆ ಹೋಲಿಸಿದರು. ಜನ ಬಂದೂಕನ್ನು ಇಟ್ಟುಕೊಳ್ಳುವುದು ಮನೆಯ ರಕ್ಷಣೆಗಾಗಿ. ಆದರೆ ೧೯೯೩ರಲ್ಲಿ ಪ್ರಕಟವಾದ ಫಲಿತಾಂಶವು ಬೇರೆ ಮಾತನ್ನು ಹೇಳಿತು. ಬಂದೂಕು ಇರುವ ಮನೆಯಲ್ಲಿ ಕೊಲೆಯ ಸಂಭವ ೨.೭ ಪಟ್ಟು ಇದ್ದಿತು. ಕೊಂದವರಲ್ಲಿ ಹೆಚ್ಚಿನವರು ಮನೆಯವರು ಅಥವಾ ಪರಿಚಿತರೇ ಆಗಿದ್ದರು. ಹಿಂದಿನ ವರ್ಷ ಪ್ರಕಟವಾದ ಅವರದೇ ಇನ್ನೊಂದು ಅಧ್ಯಯನದಲ್ಲಿ, ಅಂತಹ ಮನೆಗಳಲ್ಲಿ ಆತ್ಮಹತ್ಯೆಯ ಸಂಭವ ೪.೮ ಪಟ್ಟು ಎಂದು ಕಂಡಿತ್ತು. ‘ಅಪಾಯ ಮೊದಲೇ ಇದ್ದವರು ಬಂದೂಕು ಕೊಂಡಿರಬಹುದಲ್ಲ?’ ಎಂಬ ಆಕ್ಷೇಪಣೆ ಬಂದಿತು. ನ್ಯಾಯವಾದ ಆಕ್ಷೇಪಣೆಯೇ. ಇದಕ್ಕೆ ಉತ್ತರ ಇನ್ನೂ ದೊಡ್ಡ, ಇನ್ನೂ ಎಚ್ಚರದ ಸಂಶೋಧನೆ.

ಆದರೆ ಆ ಸಂಶೋಧನೆಗೆ ತಡೆ ಬಂದಿತು. ಬಂದೂಕು ಮಾಲಿಕರ ಪ್ರಬಲ ಸಂಘವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಈ ಅಧ್ಯಯನಗಳನ್ನು ವಿರೋಧಿಸಿತು. ಅರ್ಕಾನ್ಸಾ ರಾಜ್ಯದ ಪ್ರತಿನಿಧಿ ಜೇ ಡಿಕ್ಕಿಯವರ ಹೆಸರಿನ ತಿದ್ದುಪಡಿಯೊಂದು ೧೯೯೬ರಲ್ಲಿ ಅಂಗೀಕಾರವಾಯಿತು. ಅಲ್ಲಿಯ ಕೇಂದ್ರ ರೋಗನಿಯಂತ್ರಣ ಸಂಸ್ಥೆಯು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಹಣ ಬಳಸಕೂಡದೆಂದು ಅದರಲ್ಲಿತ್ತು. ಸಂಶೋಧನೆಯನ್ನು ಅದು ಬಾಯಿಬಿಟ್ಟು ನಿಷೇಧಿಸಲಿಲ್ಲ. ಆದರೆ ಈ ವಿಷಯಕ್ಕೆ ಹಿಂದೆ ವೆಚ್ಚವಾಗಿದ್ದ ೨೬ ಲಕ್ಷ ಡಾಲರುಗಳಷ್ಟೇ ಮೊತ್ತವನ್ನು ಆಯವ್ಯಯದಿಂದ ತೆಗೆದುಹಾಕಿದ ಮೇಲೆ ಅದರ ಅರ್ಥ ಎಲ್ಲರಿಗೂ ತಿಳಿಯಿತು. ಮುಂದೆ ಎರಡು ದಶಕಗಳಿಗೂ ಹೆಚ್ಚು ಕಾಲ ಸರಕಾರದ ಹಣ ಈ ಕಡೆ ಬಹುಮಟ್ಟಿಗೆ ಬತ್ತಿಹೋಯಿತು.

ಈ ಕಥೆಗೆ ಒಂದು ಹೃದ್ಯವಾದ ಉತ್ತರಭಾಗವಿದೆ. ತಿದ್ದುಪಡಿ ತಂದ ಡಿಕ್ಕಿಯವರಿಗೂ, ಆಗ ಆ ಸಂಸ್ಥೆಯ ಅಪಘಾತ ನಿವಾರಣಾ ಕೇಂದ್ರದ ಮುಖ್ಯಸ್ಥರಾಗಿದ್ದ ಡಾ. ಮಾರ್ಕ್ ರೋಸೆನ್‌ಬರ್ಗರಿಗೂ ಕಾಲಕ್ರಮದಲ್ಲಿ ಸ್ನೇಹ ಬೆಳೆಯಿತು. ೨೦೧೨ರಲ್ಲಿ ಇಬ್ಬರೂ ಸೇರಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಲೇಖನ ಬರೆದು, ಬಂದೂಕಿನ ಹಿಂಸೆಯ ಬಗ್ಗೆ ವೈಜ್ಞಾನಿಕ ಸಂಶೋಧನೆ ನಡೆಯಲೇಬೇಕೆಂದು ಒತ್ತಾಯಿಸಿದರು. ಡಿಕ್ಕಿಯವರು ೨೦೧೭ರಲ್ಲಿ ತೀರಿಕೊಂಡರು. ೨೦೧೯ರ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸು ಈ ಸಂಶೋಧನೆಗೆ ಎರಡೂವರೆ ಕೋಟಿ ಡಾಲರುಗಳನ್ನು ಮಂಜೂರು ಮಾಡಿತು.

ಅಂಕಿಗಳು ಹೇಳುವ ಮಾತು

ಬಂದೂಕಿನ ಹಿಂಸೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಶಾಲೆಯಲ್ಲೋ ಸಂತೆಯಲ್ಲೋ ಗುಂಡು ಹಾರಿಸಿದ ಯುವಕನ ಚಿತ್ರ. ಅಂಕಿಗಳಾದರೋ ಬೇರೆ ಚಿತ್ರವನ್ನು ಕೊಡುತ್ತವೆ. ೨೦೨೧ರಲ್ಲಿ ಆ ದೇಶದಲ್ಲಿ ಬಂದೂಕಿನಿಂದ ಸತ್ತವರು ೪೮,೮೩೦ ಮಂದಿ. ಇವರಲ್ಲಿ ಕೊಲೆಯಾದವರು ೨೦,೯೫೮. ತಮ್ಮ ಜೀವವನ್ನು ತಾವೇ ಕಳೆದುಕೊಂಡವರು ೨೬,೩೨೮. ಎಂದರೆ ಅರ್ಧಕ್ಕಿಂತ ಹೆಚ್ಚು ಸಾವುಗಳಲ್ಲಿ ಕೊಂದವನೂ ಸತ್ತವನೂ ಒಬ್ಬನೇ. ಇನ್ನೂ ಮುಂದೆ ಹೋದರೆ, ೭೫ ವರ್ಷ ದಾಟಿದ ಗಂಡಸರಲ್ಲಿ ಆತ್ಮಹತ್ಯೆಯ ಪ್ರಮಾಣ ಅಲ್ಲಿಯ ಬೇರೆಲ್ಲ ವಯೋಮಾನದವರಿಗಿಂತ ಹೆಚ್ಚು. ೬೫ ದಾಟಿದ ಗಂಡಸರ ಆತ್ಮಹತ್ಯೆಗಳಲ್ಲಿ ಹತ್ತಕ್ಕೆ ಏಳಕ್ಕೂ ಮಿಗಿಲಾದುವು ಬಂದೂಕಿನಿಂದ ಆದುವು. ಪತ್ರಿಕೆಯ ಮೊದಲ ಪುಟಕ್ಕೆ ಬಾರದ, ಮನೆಯ ಹಿಂದಿನ ಕೋಣೆಯಲ್ಲಿ ನಡೆದುಹೋಗುವ ಸಾವುಗಳು ಇವು.

‘ಸಾಯಲು ನಿಶ್ಚಯಿಸಿದವನಿಗೆ ಬಂದೂಕಲ್ಲದಿದ್ದರೆ ಇನ್ನೊಂದು’ ಎಂಬ ಮಾತನ್ನು ನಾವು ಕೇಳುತ್ತೇವೆ. ಇದು ನಿಜವಲ್ಲವೆಂದು ಸಂಶೋಧನೆ ತೋರಿಸಿದೆ. ಸಾಯಬೇಕೆಂಬ ಆವೇಗವು ಅನೇಕರಲ್ಲಿ ಅಲ್ಪಕಾಲದ್ದು. ಪ್ರಯತ್ನದಿಂದ ಬದುಕುಳಿದವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಜನ ಮುಂದೆ ಆ ರೀತಿಯಲ್ಲಿ ಸಾಯುವುದಿಲ್ಲ. ಬಂದೂಕು ಮಾತ್ರ ಬಹುಪಾಲು ಯಾರಿಗೂ ಎರಡನೆಯ ಅವಕಾಶ ಕೊಡುವುದಿಲ್ಲ. ನಮ್ಮ ನೆರೆಯ ಶ್ರೀಲಂಕೆಯಲ್ಲಿ ಅತಿ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, ೧೯೯೫ರಲ್ಲಿ ತುದಿ ಮುಟ್ಟಿದ್ದ ಆತ್ಮಹತ್ಯೆಯ ಪ್ರಮಾಣವು ಮುಂದಿನ ಎರಡು ದಶಕಗಳಲ್ಲಿ ಸುಮಾರು ಶೇಕಡಾ ೭೦ರಷ್ಟು ಇಳಿಯಿತು. ಸಾಧನವು ಕೈಗೆಟಕದಂತಾದರೆ ಆ ಕೆಟ್ಟ ಗಳಿಗೆ ಕಳೆದುಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. (ಇಂತಹ ಸಂಕಟದಲ್ಲಿರುವವರು ಯಾರೇ ಆಗಲಿ, ನಮ್ಮ ಸರಕಾರದ ‘ಟೆಲಿ ಮನಸ್’ ದೂರವಾಣಿ ೧೪೪೧೬ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.)

ಮುಪ್ಪಿನಲ್ಲಿ ಬುದ್ಧಿ ಕುಂದುವ ಬಗೆ

ಇನ್ನು ಅರಳುಮರಳಿನ ವಿಚಾರ. ಮುಪ್ಪಿನ ಸಹಜವಾದ ಮರೆವಿಗೂ ‘ಡಿಮೆನ್ಷಿಯಾ’ ಎಂಬ ರೋಗಸ್ಥಿತಿಗೂ ಅಂತರವಿದೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ಮೊದಲನೆಯದು; ಕನ್ನಡಕ ಏತಕ್ಕೆಂದೇ ತಿಳಿಯದಿರುವುದು ಎರಡನೆಯದು. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ೧೯೦೬ರಲ್ಲಿ ತನ್ನ ರೋಗಿಯೊಬ್ಬಳ ಮಿದುಳಿನಲ್ಲಿ ಕಂಡ ವಿಕಾರಗಳನ್ನು ವಿವರಿಸಿದನು. ಅವನ ಹೆಸರಿನಿಂದಲೇ ಕರೆಯುವ ಆ ರೋಗವು ಡಿಮೆನ್ಷಿಯಾದ ಕಾರಣಗಳಲ್ಲಿ ಅತ್ಯಂತ ಸಾಮಾನ್ಯವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೧ರಲ್ಲಿ ಜಗತ್ತಿನಲ್ಲಿ ೫ ಕೋಟಿ ೭೦ ಲಕ್ಷ ಜನ ಡಿಮೆನ್ಷಿಯಾದಿಂದ ಬಳಲುತ್ತಿದ್ದರು.

ಈ ರೋಗದಲ್ಲಿ ಕಳೆದುಹೋಗುವುದು ನೆನಪು ಮಾತ್ರವಲ್ಲ. ವಿವೇಚನೆ ಹೋಗುತ್ತದೆ, ಆವೇಗವನ್ನು ತಡೆದುಕೊಳ್ಳುವ ಶಕ್ತಿ ಹೋಗುತ್ತದೆ. ಕೆಲವರಿಗೆ ಸಂಶಯ ಹುಟ್ಟುತ್ತದೆ: ತಾವೇ ಬೇರೆಡೆ ಇಟ್ಟ ಹಣವನ್ನು ಸೊಸೆ ಕದ್ದಳೆಂದು ದೂರುತ್ತಾರೆ. ಇನ್ನು ಕೆಲವರು ಹತ್ತಿರದವರ ಗುರುತನ್ನೇ ಮರೆಯುತ್ತಾರೆ. ರಾತ್ರಿ ನೀರು ತಂದುಕೊಟ್ಟ ಮಗನು ಅವರ ಕಣ್ಣಿಗೆ ಮನೆಗೆ ನುಗ್ಗಿದ ಕಳ್ಳನಾಗಿ ಕಾಣಬಹುದು. ಹೀಗಿದ್ದರೂ, ಯೌವನದಲ್ಲಿ ಕೈಗೆ ಕಲಿಸಿದ ಕೆಲಸಗಳು ಬಹುಕಾಲ ಉಳಿಯುತ್ತವೆ. ಬೆರಳು ಮರೆಯುವುದು ಬುದ್ಧಿ ಮರೆತ ಮೇಲೆ. ಬಂದೂಕಿಗೆ ಮದ್ದು ತುಂಬಿ ಗುರಿಯಿಡಲು ಬಲ್ಲ ಕೈ, ಎದುರಿಗೆ ನಿಂತವನು ಮಗನೆಂದು ಅರಿಯದ ಕಣ್ಣು, ಇವೆರಡೂ ಒಬ್ಬನಲ್ಲೇ ಸೇರಿದಾಗ ಒದಗುವ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಬರಿಯ ಊಹೆಯಲ್ಲ. ದಕ್ಷಿಣ ಕ್ಯಾರೊಲಿನಾ ರಾಜ್ಯದ ಒಂದು ಸ್ಮರಣಶಕ್ತಿ ಚಿಕಿತ್ಸಾಲಯಕ್ಕೆ ಬಂದ ಡಿಮೆನ್ಷಿಯಾ ರೋಗಿಗಳ ಕುಟುಂಬಗಳನ್ನು ವಿಚಾರಿಸಿದ ಅಧ್ಯಯನವೊಂದು ೧೯೯೯ರಲ್ಲಿ ಪ್ರಕಟವಾಯಿತು. ಸುಮಾರು ಶೇಕಡಾ ೬೦ರಷ್ಟು ಮನೆಗಳಲ್ಲಿ ಬಂದೂಕು ಇರುವುದು ಅದರಿಂದ ತಿಳಿದುಬಂದಿತು. ರೋಗದ ಮೊದಲ ಹಂತವೂ ಅಪಾಯಕರವೇ. ತನಗೆ ಏನಾಗುತ್ತಿದೆಯೆಂದು ರೋಗಿಗೆ ಇನ್ನೂ ಪೂರ್ತಿ ತಿಳಿಯುವ ಆ ದಿನಗಳಲ್ಲಿ, ರೋಗದ ಹೆಸರು ಕಿವಿಗೆ ಬಿದ್ದ ಕೆಲವು ತಿಂಗಳುಗಳಲ್ಲಿ, ನಿರಾಶೆಯು ಮನಸ್ಸನ್ನು ಮುತ್ತುತ್ತದೆ. ಆದುದರಿಂದ ಮೊದಲ ಹಂತದಲ್ಲಿ ಅಪಾಯ ರೋಗಿಗೆ. ಮುಂದಿನ ಹಂತಗಳಲ್ಲಿ ಅವನನ್ನು ನೋಡಿಕೊಳ್ಳುವವರಿಗೂ ಹೌದು.

ಕೀಲಿಕೈಯ ಪ್ರಶ್ನೆ

ಇಲ್ಲಿ ಒಂದು ನಿಜವಾದ ಧರ್ಮಸಂಕಟವಿದೆ. ಅಮೆರಿಕದಲ್ಲಿ ಬಂದೂಕು ಹೊಂದುವುದು ಸಂವಿಧಾನವು ರಕ್ಷಿಸಿದ ಹಕ್ಕು. ಡಿಮೆನ್ಷಿಯಾ ಇದೆಯೆಂದು ವೈದ್ಯರು ಹೇಳಿದ ಮಾತ್ರಕ್ಕೆ ಅಲ್ಲಿಯ ಕೇಂದ್ರ ಕಾನೂನಿನಂತೆ ಆ ಹಕ್ಕು ಹೋಗುವುದಿಲ್ಲ. ನ್ಯಾಯಾಲಯದಂತಹ ಅಧಿಕಾರಸಂಸ್ಥೆಯೊಂದು ತೀರ್ಮಾನಿಸಬೇಕು. ಕನೆಕ್ಟಿಕಟ್ ರಾಜ್ಯವು ೧೯೯೯ರಲ್ಲಿ ಮೊದಲಿಗೆ ಒಂದು ಶಾಸನ ಮಾಡಿ, ಸನ್ನಿಹಿತ ಅಪಾಯವಿದ್ದರೆ ನ್ಯಾಯಾಲಯದ ಆಜ್ಞೆಯಿಂದ ಬಂದೂಕನ್ನು ತಾತ್ಕಾಲಿಕವಾಗಿ ವಶಪಡಿಸಿಕೊಳ್ಳಲು ಅವಕಾಶ ಮಾಡಿತು. ಇತರ ಹಲವು ರಾಜ್ಯಗಳು ಇದನ್ನು ಅನುಸರಿಸಿವೆ. ಆದರೆ ವೃದ್ಧ ತಂದೆಯ ಮೇಲೆ ನ್ಯಾಯಾಲಯಕ್ಕೆ ಹೋಗಲು ಯಾವ ಮಕ್ಕಳಿಗೆ ತಾನೆ ಮನಸ್ಸು ಬಂದೀತು?

ಕೊಲೊರಾಡೊ ವಿಶ್ವವಿದ್ಯಾನಿಲಯದ ವೈದ್ಯೆ ಮೇರಿಯನ್ ಬೆಟ್ಸ್ ಅವರೂ ಅವರ ಸಹೋದ್ಯೋಗಿಗಳೂ ಇದಕ್ಕೆ ಬೇರೊಂದು ದಾರಿಯನ್ನು ಸೂಚಿಸಿದ್ದಾರೆ. ಅವರು ಮೋಟಾರು ಚಾಲನೆಯ ಉದಾಹರಣೆಯನ್ನು ಮುಂದಿಡುತ್ತಾರೆ. ಒಂದು ವಯಸ್ಸಿನಲ್ಲಿ ವಾಹನ ನಡೆಸುವುದನ್ನು ಬಿಡಬೇಕಾಗುತ್ತದೆಂದು ಎಲ್ಲರೂ ಬಲ್ಲರು; ಹಿಂದಾಗಿಯೇ ಅದರ ಮಾತನ್ನಾಡಿಕೊಂಡರೆ ಕಹಿ ಕಡಿಮೆ. ಬಂದೂಕಿಗೂ ಹಾಗೆಯೇ ಒಂದು ‘ನಿವೃತ್ತಿ’ಯನ್ನು ಯೋಚಿಸಬಹುದಲ್ಲವೆ? ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಮಾಲಿಕನು, ‘ನನಗೆ ಹೀಗಾದರೆ ಬಂದೂಕನ್ನು ಇಂಥವರಿಗೆ ಒಪ್ಪಿಸಿ’ ಎಂದು ಬರೆದಿಡಬಹುದು. ಯಾರು ಯಾವಾಗ ಬಂದು ಆ ಮಾತನ್ನೆತ್ತಬೇಕೆಂದೂ ಗೊತ್ತುಮಾಡಬಹುದು. ಅಷ್ಟರವರೆಗೆ ಬಂದೂಕಿಗೆ ಬೀಗ, ಮದ್ದುಗುಂಡು ಬೇರೆಡೆ, ಕೀಲಿಕೈ ಇನ್ನೊಬ್ಬರಲ್ಲಿ. ಈ ಮಾರ್ಗದ ಹೆಚ್ಚಳವೆಂದರೆ, ಇಲ್ಲಿ ವೃದ್ಧನಿಂದ ಯಾರೂ ಏನನ್ನೂ ಕಸಿದುಕೊಳ್ಳುವುದಿಲ್ಲ, ಅವನೇ ಕೊಡುತ್ತಾನೆ. ಕಸಿದುಕೊಂಡಾಗ ಉಳಿಯುವುದು ಅವಮಾನ. ಕೊಟ್ಟಾಗ ಉಳಿಯುವುದು ಹಿರಿತನ.

ಗುಂಡಿನ ಸದ್ದೂ ಮಿದುಳೂ

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಬಂದೂಕಿನ ಹಿಂಸೆ ನಡೆಯುವ ಬೀದಿಗಳಲ್ಲಿ ಗುಂಡು ತಗುಲದವರಿಗೂ ಏನಾದರೂ ಆಗುವುದೆ?

ಮಕ್ಕಳ ವಿಷಯದಲ್ಲಿ ಒಂದು ಗಟ್ಟಿಯಾದ ಸುಳಿವು ದೊರೆತಿದೆ. ಸಮಾಜಶಾಸ್ತ್ರಜ್ಞ ಪ್ಯಾಟ್ರಿಕ್ ಶಾರ್ಕಿಯವರು ಶಿಕಾಗೊ ನಗರದ ಕರಿಯ ಜನಾಂಗದ ಮಕ್ಕಳ ಬುದ್ಧಿಪರೀಕ್ಷೆಯ ಅಂಕಗಳನ್ನೂ ಕೊಲೆಗಳ ದಿನಾಂಕಗಳನ್ನೂ ಜೋಡಿಸಿ ನೋಡಿದರು. ೨೦೧೦ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ, ತಮ್ಮ ನೆರೆಯಲ್ಲಿ ಕೊಲೆಯೊಂದು ನಡೆದ ವಾರದೊಳಗೆ ಪರೀಕ್ಷೆಗೆ ಕುಳಿತ ಮಕ್ಕಳ ಅಂಕಗಳು, ಅದೇ ನೆರೆಹೊರೆಯಲ್ಲಿ ಬೇರೆ ಕಾಲದಲ್ಲಿ ಪರೀಕ್ಷೆಗೆ ಕುಳಿತವರಿಗಿಂತ ಸ್ಪಷ್ಟವಾಗಿ ಕೆಳಗಿದ್ದವು. ಬಡತನವಾಗಲಿ ಶಾಲೆಯಾಗಲಿ ಒಂದು ವಾರದಲ್ಲಿ ಬದಲಾಗುವುದಿಲ್ಲ. ಬದಲಾದುದು ಭಯ ಮಾತ್ರ. ಆ ಮಕ್ಕಳು ಕೊಲೆಯನ್ನು ಕಣ್ಣಾರೆ ಕಂಡಿರಬೇಕೆಂದೂ ಇಲ್ಲ.

ಒಂದು ವಾರದ ಭಯಕ್ಕೆ ಇಷ್ಟು ಬಲವಿದ್ದರೆ, ಐವತ್ತು ವರ್ಷಗಳ ಭಯಕ್ಕೆ? ಇಲ್ಲಿ ಮಿದುಳಿನ ಶಾಸ್ತ್ರ ನೆರವಿಗೆ ಬರುತ್ತದೆ. ಭಯವಾದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ರಸ ಸ್ರವಿಸುತ್ತದೆ. ಗಳಿಗೆಯ ಅಪಾಯಕ್ಕೆ ಅದು ಉಪಕಾರಿ. ದಿನವೂ ಉಕ್ಕುತ್ತಿದ್ದರೆ ಅಪಕಾರಿ. ನೆನಪನ್ನು ಕೂಡಿಡುವ ‘ಹಿಪ್ಪೊಕ್ಯಾಂಪಸ್’ ಎಂಬ ಮಿದುಳಿನ ಭಾಗವು ಈ ರಸಕ್ಕೆ ಬಹುಬೇಗ ಸ್ಪಂದಿಸುತ್ತದೆಂದು ಬ್ರೂಸ್ ಮೆಕ್‌ಯೂಯೆನ್ ಮೊದಲಾದವರು ಪ್ರಾಣಿಗಳಲ್ಲಿ ತೋರಿಸಿದರು. ಸೋನಿಯಾ ಲೂಪಿಯೆನ್ ಅವರ ತಂಡವು ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಗಳ ಕಾಲ ಕಾರ್ಟಿಸಾಲ್ ಏರುತ್ತಾ ಬಂದಿದ್ದ ವೃದ್ಧರಲ್ಲಿ ಆ ಭಾಗವು ಇತರರಿಗಿಂತ ಶೇಕಡಾ ೧೪ರಷ್ಟು ಕಿರಿದಾಗಿದ್ದಿತು, ನೆನಪೂ ಕುಂದಿದ್ದಿತು. ಕ್ರಿಸ್ಟೀನ್ ಯಾಫೆಯವರ ತಂಡವು ೫೫ ವರ್ಷ ದಾಟಿದ ೧,೮೧,೦೯೩ ಮಂದಿ ನಿವೃತ್ತ ಸೈನಿಕರ ದಾಖಲೆಗಳನ್ನು ಪರಿಶೀಲಿಸಿ ೨೦೧೦ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದಕ್ಕೆ ಹೊಂದುತ್ತದೆ. ಆಘಾತದ ನೆನಪಿನಿಂದ ನರಳುವ ಮನೋರೋಗ ಇದ್ದವರಲ್ಲಿ ಶೇಕಡಾ ೧೦.೬ ಮಂದಿಗೆ ಏಳು ವರ್ಷಗಳಲ್ಲಿ ಡಿಮೆನ್ಷಿಯಾ ತಗುಲಿತು. ಅದು ಇಲ್ಲದವರಲ್ಲಿ ಶೇಕಡಾ ೬.೬ ಮಂದಿಗೆ.

ಭಯವು ಕೆಲಸ ಮಾಡುವ ಇನ್ನೊಂದು ದಾರಿ ಇಷ್ಟು ಗಹನವಲ್ಲ. ಸಾಮಾನ್ಯ ವಿವೇಕಕ್ಕೆ ನಿಲುಕುವಂತಹುದು. ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯ ಆಯೋಗವು ೨೦೨೪ರಲ್ಲಿ ಡಿಮೆನ್ಷಿಯಾಕ್ಕೆ ಕಾರಣವಾಗುವ, ಆದರೆ ತಿದ್ದಲು ಸಾಧ್ಯವಿರುವ ೧೪ ಅಂಶಗಳನ್ನು ಪಟ್ಟಿ ಮಾಡಿತು. ಇವೆಲ್ಲವನ್ನೂ ನಿವಾರಿಸಿದರೆ ಶೇಕಡಾ ೪೫ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ರಕ್ತದೊತ್ತಡ, ಖಿನ್ನತೆ, ದೇಹಶ್ರಮವಿಲ್ಲದಿರುವುದು, ಒಂಟಿತನ, ಕಡಮೆ ವಿದ್ಯಾಭ್ಯಾಸ, ತಲೆಗೆ ಬಿದ್ದ ಪೆಟ್ಟು ಇವೆಲ್ಲ ಆ ಪಟ್ಟಿಯಲ್ಲಿವೆ. ಗುಂಡು ಹಾರುವ ಬೀದಿಯ ಮುದುಕಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳು ಸಂಜೆ ತಿರುಗಾಡಲು ಹೋಗಲಾರಳು. ಪ್ರಾರ್ಥನಾಮಂದಿರಕ್ಕೂ ಗೆಳತಿಯ ಮನೆಗೂ ಹೋಗುವುದು ನಿಲ್ಲುತ್ತದೆ. ಬಾಗಿಲು ಹಾಕಿಕೊಂಡು ಒಳಗೇ ಕೂಡುತ್ತಾಳೆ. ಗುಂಡು ಅವಳಿಗೆ ತಗುಲಲಿಲ್ಲ. ಆದರೂ ಪಟ್ಟಿಯ ಮೂರು ನಾಲ್ಕು ಅಂಶಗಳು ಅವಳ ಮನೆಯನ್ನು ಹೊಕ್ಕವು.

ಇಷ್ಟಾದರೂ ವಿದ್ಯಾರ್ಥಿಗಳಾದ ನಾವು ಅವಸರದ ತೀರ್ಮಾನಕ್ಕೆ ಹಾರಬಾರದು. ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಹಿಂಸೆ ಹೆಚ್ಚಿರುವ ಬೀದಿಗಳಲ್ಲಿ ಬಡತನವೂ ಇದೆ, ಕೆಟ್ಟ ಗಾಳಿಯೂ ಇದೆ, ಅರೆಬರೆ ವಿದ್ಯೆಯೂ ಇದೆ. ಯಾವುದರ ಪಾಲು ಎಷ್ಟೆಂದು ಬಿಡಿಸಲು, ಸಾವಿರಾರು ಜನರನ್ನು ನಡುವಯಸ್ಸಿನಿಂದಲೇ ಹಿಡಿದು ದಶಕಗಟ್ಟಲೆ ಹಿಂಬಾಲಿಸುವ ಅಧ್ಯಯನ ಬೇಕು. ಎರಡು ದಶಕಗಳ ಕಾಲ ಬತ್ತಿದ ಹಣದ ನಿಜವಾದ ನಷ್ಟ ಇದೇ. ಆಗ ಆರಂಭವಾಗಬೇಕಾಗಿದ್ದ ಅಧ್ಯಯನಗಳ ಫಲ ಈಗ ಕೈಗೆ ಬರಬೇಕಾಗಿದ್ದಿತು. ಕಳೆದ ಕಾಲವನ್ನು ಎಷ್ಟು ಕೋಟಿ ಕೊಟ್ಟರೂ ಕೊಳ್ಳಲಾಗುವುದಿಲ್ಲ.

ನಮ್ಮ ನಾಡಿನ ಮಾತು

ಇದೆಲ್ಲ ಹೊರದೇಶದ ವಿಷಯ, ಅಲ್ಲಿಯಷ್ಟು ಬಂದೂಕುಗಳು ನಮ್ಮಲ್ಲಿಲ್ಲ ಎಂಬುದು ನಿಜ. ಆದರೂ ಪೂರ್ತಿ ಹೊರಗಿನದೆಂದು ತಳ್ಳಿಹಾಕಲಾಗದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿಯಿದೆ. ೨೦೧೯ರಲ್ಲಿ ಕೇಂದ್ರ ಸರಕಾರವು ಇದನ್ನು ಹತ್ತು ವರ್ಷ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧವನ್ನು ಪೂಜಿಸುವ ಆ ಮನೆಗಳಲ್ಲಿ ಬಂದೂಕು ಕುಲದ ಗೌರವದ ವಸ್ತು. ಮಲೆನಾಡಿನಲ್ಲಿ ಬೆಳೆ ಕಾಯಲು ಪರವಾನಗಿಯ ಕೋವಿ ಇಟ್ಟುಕೊಂಡ ರೈತರೂ ಇದ್ದಾರೆ. ನಮ್ಮ ೨೦೧೬ರ ಆಯುಧ ನಿಯಮಗಳಲ್ಲಿ ಗಮನಾರ್ಹವಾದ ಅಂಶವೊಂದಿದೆ. ಪರವಾನಗಿದಾರನಿಗೆ ಎಪ್ಪತ್ತು ವರ್ಷ ತುಂಬಿದಾಗ, ಅಥವಾ ಬಂದೂಕು ಅವನಲ್ಲಿ ಇಪ್ಪತ್ತೈದು ವರ್ಷ ಇದ್ದಾಗ, ಅವನು ಜೀವಂತನಿರುವಾಗಲೇ ತಾನು ಹೆಸರಿಸಿದ ವಾರಸುದಾರನಿಗೆ ಅದನ್ನು ವರ್ಗಾಯಿಸಬಹುದು. ಕೊಲೊರಾಡೊದ ವೈದ್ಯರು ಹೇಳುವ ‘ನಿವೃತ್ತಿ’ಗೆ ನಮ್ಮ ನಿಯಮಗಳಲ್ಲಿಯೇ ಬಾಗಿಲು ತೆರೆದಿದೆ ಎಂದಾಯಿತು.

ಮುಪ್ಪಿನ ಅಧ್ಯಯನದಲ್ಲಂತೂ ನಮ್ಮ ನಾಡು ಹಿಂದೆ ಬಿದ್ದಿಲ್ಲ. ಭಾರತದಲ್ಲಿ ೬೦ ದಾಟಿದವರಲ್ಲಿ ಶೇಕಡಾ ೭.೪ ಮಂದಿಗೆ ಡಿಮೆನ್ಷಿಯಾ ಇದೆಯೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಅಂದಾಜು ಮಾಡಿದೆ. ಎಂದರೆ ಸುಮಾರು ೮೮ ಲಕ್ಷ ಜನ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ೪೫ ವರ್ಷ ದಾಟಿದವರನ್ನು ಸೇರಿಸಿಕೊಂಡು, ಹತ್ತು ಸಾವಿರ ಜನರ ಗುರಿಯಿಟ್ಟು, ದೀರ್ಘಕಾಲದ ಅಧ್ಯಯನವನ್ನು ಕೈಗೊಂಡಿದೆ. ಇಂದಿನ ರೈತನ ಬದುಕಿನ ಯಾವ ಭಾಗ ನಾಳಿನ ಅವನ ಬುದ್ಧಿಯನ್ನು ಕಾಯುತ್ತದೆ, ಯಾವುದು ಕೆಡಿಸುತ್ತದೆ ಎಂಬುದು ಇಂತಹ ತಾಳ್ಮೆಯ ಕೆಲಸದಿಂದ ಗೊತ್ತಾಗಬೇಕು.

ಉಪಸಂಹಾರ

ಮೇಲಿನ ವಿಚಾರಗಳಿಂದ ಮೂರು ಪಾಠಗಳು ದೊರೆಯುತ್ತವೆ. ಒಂದು: ಹಿಂಸೆಯನ್ನು ಕೇವಲ ಪಾಪವೆಂದೋ ಅಪರಾಧವೆಂದೋ ನೋಡದೆ, ಎಣಿಸಿ ತಡೆಯಬಹುದಾದ ವ್ಯಾಧಿಯಂತೆ ನೋಡಿದರೆ ಉಳಿಸಬಹುದಾದ ಜೀವಗಳು ಅನೇಕ. ಎರಡು: ಎಣಿಸುವುದನ್ನೇ ನಿಲ್ಲಿಸಿದರೆ ಸಾವು ನಿಲ್ಲುವುದಿಲ್ಲ; ನಮ್ಮ ತಿಳಿವು ಮಾತ್ರ ನಿಲ್ಲುತ್ತದೆ. ಮೂರನೆಯದು ನಮ್ಮ ನಮ್ಮ ಮನೆಗಳಿಗೆ ಸೇರಿದ್ದು. ಮನೆಯ ಹಿರಿಯರೊಡನೆ ಮುಪ್ಪಿನ ಮಾತನ್ನಾಡಲು ನಾವು ಸಂಕೋಚಪಡುತ್ತೇವೆ. ಬಂದೂಕಿರಲಿ, ಸ್ಕೂಟರಿನ ಕೀಲಿಕೈಯಿರಲಿ, ಬ್ಯಾಂಕಿನ ಪುಸ್ತಕವಿರಲಿ, ಎಲ್ಲ ಕೈಮೀರಿದ ಮೇಲೆ ಅವರಿಂದ ಅದನ್ನು ತೆಗೆದುಕೊಳ್ಳುತ್ತೇವೆ, ಅವರಿಗೆ ಕಾರಣ ತಿಳಿಯದ ಹೊತ್ತಿನಲ್ಲಿ. ಅದಕ್ಕಿಂತ, ಅವರ ಬುದ್ಧಿ ನಮ್ಮ ಬುದ್ಧಿಗಿಂತ ಹರಿತವಾಗಿರುವಾಗಲೇ, ‘ಮುಂದೆ ಹೇಗೆ ಮಾಡೋಣ?’ ಎಂದು ಅವರನ್ನೇ ಕೇಳುವುದು ಲೇಸು. ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಅವರದು. ಸಕಾಲದಲ್ಲಿ ಕೇಳುವ ಹೊಣೆ ನಮ್ಮದು.